ಗುರುವಯ್ಯನ ಕಟ್ಟೆಗೆ ಬೇಲಿ ಬಿದ್ದ ವರ್ಷ

ಸೊಸೆಯಾಗಿ ಬಂದ ಮಾರನೆಯ ದಿನವೇ ಅತ್ತೆ ಎಮ್ಮೆಯ ಹಗ್ಗವನ್ನು ಪುಟ್ಟಬಸಮ್ಮನ ಕೈಗೆ ಕೊಟ್ಟು, "ಓಗು ಮಗ, ಗುರುವಯ್ಯನ ಕಟ್ಟೇಲಿ ಮೈ ತೊಳ್ಸ್ಕಂಡು ಬಾ. ದಾರಿ ಎಮ್ಮೆಗೇ ಗೊತ್ತು" ಅಂದಿದ್ದಳು. ಹೊಸ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಅವಳು ಎಮ್ಮೆಯ ಹಿಂದೆ ಹೋದಳು. ಆಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಮೇಲೆ ಅತ್ತೆ ಹೋದಳು, ಎಮ್ಮೆಗಳು ಬಂದವು, ಹೋದವು, ಅವುಗಳ ಮಕ್ಕಳು ಮೊಮ್ಮಕ್ಕಳು ಬಂದವು. ಪುಟ್ಟಬಸಮ್ಮನ ತಲೆ ಬೆಳ್ಳಗಾಯಿತು. ಬೆಳಗಿನ ಹಾಲು ಮನೆಮನೆಗೆ ಹಾಕಿ ಬಂದ ಮೇಲೆ ಎಮ್ಮೆಗಳನ್ನು ಹೊಡೆದುಕೊಂಡು ಕಟ್ಟೆಗೆ ಹೋಗುವುದು ಮಾತ್ರ ನೀರಿದ್ದಷ್ಟು ದಿನ ಒಮ್ಮೆಯೂ ತಪ್ಪಲಿಲ್ಲ.

ದಟ್ಟಗಳ್ಳಿ ಅಂದರೆ ಈಗಿನವರಿಗೆ ಸ್ಟೇಜು, ಬ್ಲಾಕು, ಕ್ರಾಸು. ಆ ಬಡಾವಣೆಗಳ ನಡುವೆ ಹಳೇ ಊರೊಂದು ಇನ್ನೂ ಉಸಿರಾಡುತ್ತಿದೆ ಅನ್ನುವುದು ಅಲ್ಲಿ ಬಾಡಿಗೆಗೆ ಬಂದವರಿಗೆ ಎಷ್ಟೋ ತಿಂಗಳಾದರೂ ಗೊತ್ತಾಗುವುದಿಲ್ಲ. ಆ ಊರಿನ ಕೊನೆಯ ಬೀದಿಯಲ್ಲಿ ಪುಟ್ಟಬಸಮ್ಮನ ಮನೆ. ಗಂಡ ಸಿದ್ದಮಲ್ಲಪ್ಪನಿಗೆ ಮಂಡಿನೋವು, ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು ಮಾತಾಡಿಸುವುದೇ ಅವನ ಕೆಲಸ. ಮಗ ಮಹೇಶ್ ಶಾಲೆ ಮಕ್ಕಳ ವ್ಯಾನು ಓಡಿಸುತ್ತಾನೆ. ಮನೆಗೆ ಅಂಟಿಕೊಂಡಂತೆ ಕೊಟ್ಟಿಗೆ. ಅದರಲ್ಲಿ ಮೂರು ಎಮ್ಮೆ: ಒಂದು ಕೊಂಬು ಕೆಳಕ್ಕೆ ತಿರುಗಿದ ಕೊಂಕಿ, ಸೋಮವಾರ ಹುಟ್ಟಿದ ಸೋಮಿ, ಸೋಮಿಯ ಮಗಳು ಚಿಕ್ಕಿ.

ಕಟ್ಟೆ ಕಟ್ಟಿಸಿದ ಗುರುವಯ್ಯ ಸಿದ್ದಮಲ್ಲಪ್ಪನ ಮುತ್ತಾತ. ಅವನಿಗಿಂತ ಮುಂಚೆ ಅಲ್ಲಿ ಕಟ್ಟೆಯಿರಲಿಲ್ಲ. ಕುರುಚಲು ಕಾಡು ಬೆಳೆದ ಹಳ್ಳವೊಂದಿತ್ತು. ಗುರುವಯ್ಯ ಊರಿನವರನ್ನು ಸೇರಿಸಿ ಕಾಡು ಕಡಿಸಿ, ಮಣ್ಣು ಹೊರಿಸಿ ಏರಿ ಹಾಕಿಸಿದ, ತೂಬು ಇಡಿಸಿದ. ಏರಿಯ ಕೆಳಗೆ ಗದ್ದೆಗಳಾದವು. ಪುಟ್ಟಬಸಮ್ಮ ಬಂದ ಹೊಸತರಲ್ಲಿ ಆ ಗದ್ದೆಗಳಲ್ಲಿ ನಾಟಿ ಹಾಕಿದ್ದಾಳೆ. ಆಮೇಲೆ ಬಡಾವಣೆಗೆಂದು ಗದ್ದೆಗಳನ್ನು ತೆಗೆದುಕೊಂಡರು. ಗದ್ದೆಯ ಬದುಗಳಿದ್ದಲ್ಲಿ ರಸ್ತೆಗಳು ಬಂದವು. ನೀರು ಬಿಡಬೇಕಾದ ಹೊಲಗದ್ದೆ ಇಲ್ಲದ ಮೇಲೆ ತೂಬು ಹೂತುಹೋಯಿತು. ಮೇಲಿನ ಮನೆಗಳ ಬಚ್ಚಲು ನೀರು, ಅದರ ಜೊತೆಗೆ ಕಕ್ಕಸಿನ ನೀರು, ಎರಡೂ ತಗ್ಗು ಹುಡುಕಿಕೊಂಡು ಕಟ್ಟೆಗೇ ಬಂದು ಸೇರತೊಡಗಿದವು.

ವಾಸನೆ ಹೊಡೆಯುತ್ತಿತ್ತು, ನಿಜ. ಆದರೆ ಹಿಂದೆಲ್ಲ ಶಿವರಾತ್ರಿ ಕಳೆಯುತ್ತಲೇ ಒಣಗಿ ಬಾಯಿಬಿಡುತ್ತಿದ್ದ ಕಟ್ಟೆ ಈಗ ವರ್ಷವಿಡೀ ತುಂಬಿಕೊಂಡೇ ಇತ್ತು. ಅಂಚಿನಲ್ಲಿ ಸೊಂಟದೆತ್ತರ ಹುಲ್ಲು. ಕಡುಬೇಸಿಗೆಯಲ್ಲೂ ಎಮ್ಮೆಗಳಿಗೆ ಹಸಿ ಮೇವು, ಕತ್ತಿನ ತನಕ ನೀರು. ಊರಿನವರು ಮೂಗು ಮುಚ್ಚಿಕೊಂಡು ಬೈಯುವಾಗ ಪುಟ್ಟಬಸಮ್ಮನೂ ದನಿಗೂಡಿಸುತ್ತಿದ್ದಳು. ಈ ಕೊಳೆನೀರಿನ ಪುಣ್ಯದಿಂದಲೇ ತನ್ನ ಕೊಟ್ಟಿಗೆ ನಡೆಯುತ್ತಿದೆ ಅನ್ನುವುದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಅದನ್ನು ಯಾರ ಮುಂದೂ ಆಡುತ್ತಿರಲಿಲ್ಲ.

ಅವಳು ಹಾಲು ಹಾಕುತ್ತಿದ್ದುದು ರಾಮಕೃಷ್ಣನಗರದ ಕಡೆಯ ಕೆಲವು ಮನೆಗಳಿಗೆ ಮತ್ತು ಏರಿಯ ಪಕ್ಕದಲ್ಲೇ ಮನೆ ಕಟ್ಟಿಸಿಕೊಂಡು ಬಂದಿದ್ದ ಸರ್ವಮಂಗಳಾ ಅವರಿಗೆ. ಸರ್ವಮಂಗಳಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಂಟಿ ಜೀವ, ಮೆದು ಮಾತು. ಹಾಲು ಹಾಕಲು ಹೋದಾಗ ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದು ಕೂರಿಸಿ ಕಾಫಿ ಕೊಡುತ್ತಿದ್ದರು. ಮಾತಿನ ನಡುವೆ ಒಮ್ಮೆ ಪುಟ್ಟಬಸಮ್ಮ, "ಈ ನಿಮ್ಮ ಅಡುಗೆಮನೆ ಇರೋ ತಾವು ನಮ್ಮ ದೊಡ್ಡ ಗದ್ದೆ ಇತ್ತು ಮೇಡಂ" ಎಂದುಬಿಟ್ಟಿದ್ದಳು. ಅವರ ಮುಖ ಬಾಡಿತು. ಯಾಕಾದರೂ ಆಡಿದೆನೋ ಎಂದು ಪುಟ್ಟಬಸಮ್ಮ ಮಾತು ಬೇರೆ ಕಡೆಗೆ ತಿರುಗಿಸಿದಳು.

ಕಟ್ಟೆ ಉಳಿಸಬೇಕು ಎಂದು ಮೊದಲು ಎದ್ದವರೂ ಸರ್ವಮಂಗಳಾ ಅವರೇ. ಕಟ್ಟೆಯಲ್ಲಿ ಮೀನು ಸತ್ತು ತೇಲಿದ ಒಂದು ಬೇಸಿಗೆಯಲ್ಲಿ ಅವರು ಬೀದಿ ಬೀದಿ ತಿರುಗಿ ಜನ ಸೇರಿಸಿ ಸಮಿತಿ ಮಾಡಿದರು. ಸುದರ್ಶನ ಎಂಬ ನಿವೃತ್ತ ಎಂಜಿನಿಯರು ಅದರ ಕಾರ್ಯದರ್ಶಿ. ಉದ್ಯಾನದ ಮಂಟಪದಲ್ಲಿ ನಡೆದ ಮೊದಲ ಸಭೆಗೆ ಪುಟ್ಟಬಸಮ್ಮನನ್ನೂ ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಹಿಂದೆ ಕಟ್ಟೆ ಹೇಗಿತ್ತು ಹೇಳಿ ಎಂದರು. ಅಷ್ಟು ಜನ ಓದಿದವರು ತನ್ನ ಬಾಯಿ ನೋಡುತ್ತ ಕೂತದ್ದು ಅವಳ ಬದುಕಿನಲ್ಲೇ ಮೊದಲು. ಅವಳಿಗೆ ಮೈಮೇಲೆ ಬಂದಂತಾಯಿತು.

"ಎಳನೀರಿದ್ದಂಗಿತ್ತು ಕಣ್ರಪ್ಪ ನೀರು! ತಳದಲ್ಲಿ ಬಿದ್ದ ಕಾಸು ಕಾಣ್ತಿತ್ತು. ನಾವು ಬೊಗಸೇಲಿ ಎತ್ಕಂಡು ಕುಡೀತಿದ್ದೋ" ಅಂದಳು.

ಎಮ್ಮೆ ಹೊಕ್ಕ ಕಟ್ಟೆಯಲ್ಲಿ ತಳ ಕಂಡದ್ದು ಯಾವ ಕಾಲದಲ್ಲೂ ಇಲ್ಲ. ನೀರು ಸದಾ ರಾಡಿಯೇ. ಕುಡಿಯುವ ನೀರಿಗೆ ಊರ ಬಾವಿಯಿತ್ತು. ಆದರೆ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರು. ಮಹೇಶನ ಮೊಬೈಲಿಗೂ ಅದು ಬಂತು. ಸಿದ್ದಮಲ್ಲಪ್ಪ ಎರಡೆರಡು ಸಲ ಹಾಕಿಸಿಕೊಂಡು ನೋಡಿ, "ಬಲೇ ಬುಟ್ಟೆ ಕಣೇ ಬುರುಡೆಯ!" ಎಂದು ನಕ್ಕ.

ಕೆಲಸ ಶುರುವಾಯಿತು. ಕೊಳೆನೀರಿಗೆ ಬೇರೆ ಪೈಪು ಹಾಕಿ ತಿರುಗಿಸಿದರು. ಜೆಸಿಬಿಗಳು ಇಳಿದು ಹೂಳು ಬಗೆದವು. ಜೊಂಡೆಲ್ಲ ಬೇರುಸಹಿತ ಎದ್ದು ಲಾರಿ ಹತ್ತಿತು. ಕಟ್ಟೆಯ ಸುತ್ತ ಕಲ್ಲು ಕಟ್ಟಿ, ಮೇಲೆ ಇಟ್ಟಿಗೆಬಣ್ಣದ ಹಾದಿ ಹಾಸಿದರು. ಆ ತಿಂಗಳುಗಳಲ್ಲಿ ಪುಟ್ಟಬಸಮ್ಮ ಎಮ್ಮೆಗಳನ್ನು ಖಾಲಿ ಸೈಟುಗಳಲ್ಲಿ ಕಟ್ಟುತ್ತಿದ್ದಳು. ಕೆಲಸ ಮುಗಿಯಲಿ, ನೀರು ಚೊಕ್ಕವಾದರೆ ಎಮ್ಮೆಗೂ ಒಳ್ಳೆಯದೇ ಅಂದುಕೊಂಡಿದ್ದಳು. ಅದಕ್ಕಿಂತ ಹೆಚ್ಚು ಅವಳು ಯೋಚಿಸಿರಲಿಲ್ಲ.

ಮಳೆಗಾಲದಲ್ಲಿ ಕಟ್ಟೆ ತುಂಬಿತು. ಉದ್ಘಾಟನೆಯ ದಿನ ಅವಳಿಗೆ ಶಾಲು ಹೊದಿಸಿದರು. ಮಾರನೆಯ ಬೆಳಿಗ್ಗೆ ಎಮ್ಮೆಗಳನ್ನು ಹೊಡೆದುಕೊಂಡು ಹೋದರೆ ಎದುರಿಗೆ ಕಬ್ಬಿಣದ ಬಲೆಯ ಬೇಲಿ, ಗೇಟು. ಗೇಟಿನ ಪಕ್ಕ ಖಾಕಿ ಅಂಗಿ ಹಾಕಿಕೊಂಡ ಚಾಮಯ್ಯ. ಚಾಮಯ್ಯ ಅದೇ ಊರಿನವನು, ಅವಳ ಕೈಯಿಂದ ಮಜ್ಜಿಗೆ ಕುಡಿದು ಬೆಳೆದವನು.

"ಅಕ್ಕಾ, ಎಮ್ಮೆ ಬುಡಂಗಿಲ್ಲ" ಅಂದ. ಅವಳ ಮುಖ ನೋಡಲಾರದೆ ಬೋರ್ಡಿನ ಕಡೆ ಕೈ ತೋರಿಸಿದ.

ಅವಳು ಅಕ್ಷರ ಕೂಡಿಸಿ ಓದಿದಳು. ದನ, ಎಮ್ಮೆ, ಆಡು, ಕುರಿಗಳಿಗೆ ಪ್ರವೇಶವಿಲ್ಲ.

"ಅಯ್ಯೋ ಚಾಮಯ್ಯ, ಆಡು ಕುರಿ ಈ ಊರಲ್ಲಿ ಎಲ್ಲಿದ್ದಾವು? ಇರೋದೇ ನಮ್ಮ ಮೂರು ಎಮ್ಮೆ."

"ಅದುಕ್ಕೇ ಕಣಕ್ಕ ನಂಗೂ ಬೇಜಾರು. ನಾನೇನ್ ಮಾಡ್ಲಿ ಹೇಳು. ಕ್ಯಾಮೆರಾ ಬೇರೆ ಮಡಗವ್ರೆ."

ಕೊಂಕಿ ಗೇಟಿಗೆ ಮೂತಿ ಒತ್ತಿ ನಿಂತಿತ್ತು. ಅದನ್ನು ತಿರುಗಿಸಿಕೊಂಡು ಬರುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು.

ಸರ್ವಮಂಗಳಾ ವಿಷಯ ಕೇಳಿ ನಿಜಕ್ಕೂ ನೊಂದುಕೊಂಡರು. "ನನಗೆ ಹೊಳೀಲೇ ಇಲ್ಲ ನೋಡಿ ಪುಟ್ಟಬಸಮ್ಮ. ಸಮಿತೀಲಿ ಮಾತಾಡ್ತೀನಿ" ಅಂದರು. ಮಾತಾಡಿದರು ಕೂಡ. ಪುಟ್ಟಬಸಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಸುದರ್ಶನ ಅವರು ಒರಟು ಮನುಷ್ಯರಲ್ಲ. ಎದ್ದು ನಿಂತು ನಮಸ್ಕಾರ ಮಾಡಿಯೇ ಮಾತು ಶುರು ಮಾಡಿದರು.

"ಅಮ್ಮ, ನೀವೇ ಹೇಳಿದ್ರಲ್ಲ, ಆಗ ತಳ ಕಾಣ್ತಿತ್ತು ಅಂತ. ಆ ಥರಾನೇ ಮಾಡ್ಬೇಕು ಅಂತ ತಾನೇ ಇಷ್ಟೆಲ್ಲ ಒದ್ದಾಡಿದ್ದು? ಎಮ್ಮೆ ಇಳಿದ್ರೆ ನೀರು ಕದಡುತ್ತೆ, ಸಗಣಿ ಬೀಳುತ್ತೆ. ಹಾದಿ ಮೇಲೆ ವಯಸ್ಸಾದೋರು ಓಡಾಡ್ತಾರೆ, ಜಾರಿ ಬಿದ್ರೆ ಯಾರು ಹೊಣೆ? ನೀವೇ ಹೇಳಿ."

ಪುಟ್ಟಬಸಮ್ಮನಿಗೆ ಮಂಟಪದ ಸಭೆ ನೆನಪಾಯಿತು. ಆವತ್ತು ನಾನಾಡಿದ್ದು ಸುಳ್ಳು ಅನ್ನಬೇಕೆ? ಶಾಲು ಹೊದ್ದುಕೊಂಡವಳು ಯಾವ ಬಾಯಲ್ಲಿ ಅನ್ನುವುದು? ಅವರ ಮಾತಿನಲ್ಲಿ ತಪ್ಪೂ ಕಾಣುತ್ತಿರಲಿಲ್ಲ. ಸಮಿತಿಯವರೊಬ್ಬರು ಎಮ್ಮೆಗಳನ್ನು ಬಿಡಾಡಿ ದನ ಸಾಕುವ ಪಿಂಜ್ರಾಪೋಲಿಗೆ ಕೊಟ್ಟುಬಿಡಬಹುದಲ್ಲ ಎಂದರು. ಆಗ ಮಾತ್ರ ಅವಳು, "ಅವು ಬಿಡಾಡಿ ಅಲ್ಲ ಸ್ವಾಮಿ, ಮನೇಲವೆ" ಎಂದು ಎದ್ದು ಬಂದಳು.

ಬೇಸಿಗೆ ಕಾಲಿಟ್ಟಿತು. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಬಿಟ್ಟು ಬೇರೆ ಗಿಡವಿಲ್ಲ. ಎಮ್ಮೆ ಅದಕ್ಕೆ ಮೂತಿ ಹಾಕುವುದಿಲ್ಲ. ಆ ಸೈಟುಗಳಿಗೂ ಒಂದೊಂದಾಗಿ ಪಾಯ ತೆಗೆಯುತ್ತಿದ್ದರು. ಮೊನ್ನೆ ಕಟ್ಟಿದ ಜಾಗದಲ್ಲಿ ಇವತ್ತು ಮರಳಿನ ರಾಶಿ ಇರುತ್ತಿತ್ತು. ಮಹೇಶ್ ವ್ಯಾನಿನಲ್ಲಿ ಬರುವಾಗ ಒಣಹುಲ್ಲು ತಂದು ಹಾಕುತ್ತಿದ್ದ. ನೀರಿಗೆ ಇಳಿಯದ ಎಮ್ಮೆ ಬೇಗ ಕಂಗೆಡುತ್ತದೆ. ಪುಟ್ಟಬಸಮ್ಮ ನಲ್ಲಿ ನೀರು ಬಂದ ದಿನ ಬಕೆಟ್ಟಿನಲ್ಲಿ ಹೊತ್ತು ಹೊತ್ತು ಮೈಮೇಲೆ ಹುಯ್ಯುತ್ತಿದ್ದಳು. ಗೋಣಿಚೀಲ ನೆನೆಸಿ ಬೆನ್ನಿಗೆ ಹೊದಿಸುತ್ತಿದ್ದಳು. ಮಧ್ಯಾಹ್ನವಾಗುತ್ತಲೇ ಅವು ನಾಲಿಗೆ ಚಾಚಿ ಏದುಸಿರು ಬಿಡುವುದನ್ನು ನೋಡಲಾಗದೆ ಅವಳು ಒಳಗೆ ಹೋಗಿ ಕೂತುಬಿಡುತ್ತಿದ್ದಳು. ಹಾಲು ಇಳಿಯಿತು. ಪಕ್ಕದ ಮನೆಯ ಹೊಸ ಬಾಡಿಗೆದಾರರು ಸಗಣಿ ವಾಸನೆ, ನೊಣ ಎಂದು ಮಹೇಶನ ಹತ್ತಿರ ದೂರು ತಂದರು.

"ಅವ್ವ, ಮಾರ್ಬುಡಾನ ಕಣವ್ವ. ಇಲ್ಲಿ ಎಮ್ಮೆ ಕಟ್ಟೋ ಕಾಲ ಮುಗೀತು" ಅಂದ ಮಹೇಶ್.

"ಕೊಂಕಿ ತುಂಬು ಗಬ್ಬ ಕಣೋ. ಈಯ್ಲಿ, ಆಮೇಲೆ ನೋಡಾನ."

ಅದು ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಹಾಲು ಹಾಕಿ ಬಂದವಳು ಕೊಟ್ಟಿಗೆಗೆ ಹೋದರೆ ಕೊಂಕಿಯ ಗೂಟದಲ್ಲಿ ತುಂಡು ಹಗ್ಗ ಮಾತ್ರ ಇತ್ತು. ಎಲ್ಲಿಗೆ ಹೋಗಿರುತ್ತದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳು ಓಡಿದಳು. ಗಿಡಗಳಿಗೆ ಮಣ್ಣು ತಂದ ಟ್ರ್ಯಾಕ್ಟರಿಗೆಂದು ಗೇಟು ತೆರೆದಿದ್ದರು. ಚಾಮಯ್ಯ ಟ್ರ್ಯಾಕ್ಟರಿನ ಹಿಂದೆ ನಿಂತು ಚಾಲಕನಿಗೆ ದಾರಿ ತೋರಿಸುತ್ತಿದ್ದಾಗ ಕೊಂಕಿ ಒಳಗೆ ನುಗ್ಗಿತ್ತು. ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಅದು ಓಡಿದ್ದನ್ನು ಕಂಡವರು ಆಮೇಲೆ ಬೆರಗಾಗಿ ಹೇಳುತ್ತಿದ್ದರು.

ಹಿಂದೆ ಅದು ಇಳಿಯುತ್ತಿದ್ದ ಕಡೆ ದಡ ಇಳಿಜಾರಾಗಿತ್ತು. ಒಂದೊಂದೇ ಹೆಜ್ಜೆಗೆ ನೀರು ಮೇಲೆ ಬರುತ್ತಿತ್ತು. ಈಗ ಅಲ್ಲಿ ಕಲ್ಲು ಕಟ್ಟಿ ಗೋಡೆಯಂತೆ ಕಡಿದಾಗಿಸಿದ್ದರು. ಕೊಂಕಿ ಹಳೆಯ ಜಾಗದಲ್ಲೇ ಕಾಲಿಟ್ಟು ಕಲ್ಲಿನ ಮೇಲೆ ಜಾರಿ ಧೊಪ್ಪೆಂದು ನೀರಿಗೆ ಬಿತ್ತು.

ಪುಟ್ಟಬಸಮ್ಮ ಹೋಗುವ ವೇಳೆಗೆ ಅದು ಕತ್ತಿನ ಮಟ್ಟ ನೀರಿನಲ್ಲಿ ಕಣ್ಣು ಅರೆಮುಚ್ಚಿ ನಿಂತಿತ್ತು. ಎಷ್ಟೋ ತಿಂಗಳ ಬೇಗೆ ಆರಿದಂತೆ ನಿಶ್ಚಿಂತೆಯಾಗಿತ್ತು. ಹಾದಿಯ ಮೇಲೆ ಜನ ಸೇರಿ ಮೊಬೈಲು ಹಿಡಿದಿದ್ದರು. ಯಾರೋ ನಗುತ್ತಿದ್ದರು, ಯಾರೋ ಸಿಡುಕುತ್ತಿದ್ದರು. ಅವಳಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಕೊಂಕೀ, ಬಾ ನನ್ನವ್ವ, ಬಾ" ಎಂದು ಕರೆದಳು.

ಕೊಂಕಿ ಅವಳ ದನಿಗೆ ಕಿವಿ ಅಲ್ಲಾಡಿಸಿ ದಡಕ್ಕೆ ಬಂತು. ಮುಂಗಾಲು ಕಲ್ಲಿನ ಮೇಲಿಟ್ಟಿತು. ಗೊರಸು ಜಾರಿತು. ಮತ್ತೆ ಇಟ್ಟಿತು, ಮತ್ತೆ ಜಾರಿತು. ಆಗ ಅದಕ್ಕೆ ದಿಗಿಲಾಯಿತು. ಉಸಿರು ಬಿಗಿಹಿಡಿದು ಮೈಯನ್ನೆಲ್ಲ ಎತ್ತಿ ಒಗೆದಾಗ ಹಿಂಗಾಲುಗಳು ಎರಡು ಕಡೆಗೆ ಸೀಳಿಕೊಂಡು ಹೋದವು. ಅದು ಕೂಗಿದ ಕೂಗಿಗೆ ನಗುತ್ತಿದ್ದವರು ಸುಮ್ಮನಾದರು. ಸರ್ವಮಂಗಳಾ ಮನೆಯಿಂದ ಓಡಿ ಬಂದರು. ಸುದರ್ಶನ ಅವರೇ ಫೋನು ಮಾಡಿ ಜೆಸಿಬಿ ತರಿಸಿದರು. ಮಹೇಶ್, ಚಾಮಯ್ಯ ಇಬ್ಬರೂ ನೀರಿಗಿಳಿದು ಹೊಟ್ಟೆಯ ಕೆಳಗೆ ಪಟ್ಟಿ ತೂರಿಸಿದರು. ಪುಟ್ಟಬಸಮ್ಮ ದಡದಲ್ಲಿ ನಿಂತು, "ಹೊಟ್ಟೆ ಕಣ್ರಪ್ಪ, ಹೊಟ್ಟೆ ಜ್ವಾಕೆ" ಎಂದು ಒದರುವುದೊಂದನ್ನು ಬಿಟ್ಟು ಬೇರೇನೂ ಮಾಡಲಾರದಾದಳು. ಎಲ್ಲರೂ ಒಳ್ಳೆಯದನ್ನೇ ಮಾಡುತ್ತಿದ್ದರು. ಕೊಂಕಿಯನ್ನು ಮೇಲೆತ್ತಿ ಹಾದಿಯ ಮೇಲೆ ಇಟ್ಟಾಗ ಅದು ಮುಂಗಾಲಿನ ಮೇಲೆ ಎದ್ದು, ಹಿಂಗಾಲು ಎಳೆಯಲಾರದೆ ಕುಸಿಯಿತು.

ದನದ ಡಾಕ್ಟರು ಬಂದು ಸೊಂಟ ಮುಟ್ಟಿ ನೋಡಿ ತಲೆಯಾಡಿಸಿದರು. ಹೊಟ್ಟೆಯ ಕರು ಅಲುಗುತ್ತಿಲ್ಲ ಅಂದರು. ಕೊಟ್ಟಿಗೆಗೆ ತಂದು ಮಲಗಿಸಿದ ಕೊಂಕಿ ಮತ್ತೆ ಏಳಲಿಲ್ಲ. ಪುಟ್ಟಬಸಮ್ಮ ಪಕ್ಕದಲ್ಲೇ ಕೂತು ನೊಣ ಹೊಡೆದಳು, ಬೆಲ್ಲದ ನೀರು ಕುಡಿಸಲು ನೋಡಿದಳು, ವಿಭೂತಿ ಹಚ್ಚಿದಳು. ಮಂಗಳವಾರ ಮಧ್ಯಾಹ್ನ ಅದು ಅವಳ ಕೈ ನೆಕ್ಕುವುದನ್ನು ನಿಲ್ಲಿಸಿತು.

ಆಗ ಬಂತು ಇನ್ನೊಂದು ಪೇಚು. ಎಲ್ಲಿ ಮಣ್ಣು ಮಾಡುವುದು? ಹಿಂದೆ ಮನೆಯಲ್ಲಿ ಸತ್ತ ಎಮ್ಮೆಗಳನ್ನೆಲ್ಲ ಕಟ್ಟೆಯ ಹಿಂದಿನ ಬೀಳು ನೆಲದಲ್ಲಿ ಹೂಳುತ್ತಿದ್ದರು. ಅಲ್ಲೀಗ ಮಕ್ಕಳ ಜಾರುಬಂಡೆ. ಸಿದ್ದಮಲ್ಲಪ್ಪ ಜಗಲಿಯ ಮೇಲೆ ಕೂತು ಯಾರಿಗೆ ಎಲ್ಲಿ ಜಮೀನು ಉಳಿದಿದೆ ಎಂದು ನೆನೆಸಿಕೊಂಡು ನೋಡಿದ. ಒಬ್ಬನಿಗೂ ಉಳಿದಿರಲಿಲ್ಲ. ಇಡೀ ಊರಿನಲ್ಲಿ ಒಂದು ಎಮ್ಮೆಯ ಅಗಲದ ಮಣ್ಣು ಸಿಗಲಿಲ್ಲ. ಕೊನೆಗೆ ಸತ್ತ ಪ್ರಾಣಿಗಳನ್ನು ಒಯ್ಯುವ ಗಾಡಿ ಬಂತು. ಸರಪಳಿ ಹಾಕಿ ಎಳೆದುಕೊಂಡರು. ಮೇಲೆ ಹೊದಿಸಲು ಪುಟ್ಟಬಸಮ್ಮ ಹಳೆಯ ಸೀರೆಯೊಂದನ್ನು ಕೊಟ್ಟಳು. ಗಾಡಿಯವನು ಅದನ್ನು ಬೇಡವೆನ್ನದೆ ಹೊದಿಸಿಕೊಂಡು ಹೋದ.

ಆ ಸಂಜೆ ಸರ್ವಮಂಗಳಾ ಮನೆಗೆ ಬಂದರು. ಜಗಲಿಯ ಮೇಲೆ ಕೂತವರು ಬಿಕ್ಕಿ ಬಿಕ್ಕಿ ಅತ್ತರು.

"ನನ್ನಿಂದ ಆಯ್ತು ಪುಟ್ಟಬಸಮ್ಮ. ಒಂದು ಕೆಟ್ಟುಹೋದ ಕಟ್ಟೆ ಸರಿ ಮಾಡೋಣ ಅಂತ ಹೊರಟೆ. ಇಷ್ಟೇ ಗೊತ್ತಿದ್ದಿದ್ದು ನನಗೆ."

ಪುಟ್ಟಬಸಮ್ಮ ಎರಡು ದಿನದಿಂದ ಮನಸ್ಸಿನಲ್ಲಿ ಯಾರನ್ನೋ ಬೈಯುತ್ತಿದ್ದಳು. ಆ ಯಾರೋ ಸರ್ವಮಂಗಳಾ ಅವರೇ ಇರಬೇಕು ಅಂದುಕೊಂಡಿದ್ದಳು. ಎದುರಿಗೆ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಒಂದು ಬೈಗುಳವೂ ನಾಲಿಗೆಗೆ ಬರಲಿಲ್ಲ.

"ಬುಡಿ ಮೇಡಂ. ನೀವೇನ್ ಬೇಕೂಂತ ಮಾಡುದ್ರಾ? ಅದರ ಋಣ ಅಷ್ಟೇ ಇತ್ತು. ಸುಮ್ಕಿರಿ, ಅಳಬ್ಯಾಡಿ" ಎಂದು ಅವರ ಬೆನ್ನು ಸವರಿದಳು. ಒಳಗೆ ಹೋಗಿ ಸೋಮಿಯ ಹಾಲಿನಲ್ಲಿ ಕಾಫಿ ಕಾಯಿಸಿ ತಂದುಕೊಟ್ಟಳು. ಅವರು ಹೋದ ಮೇಲೆ ಅವಳಿಗೆ ಸಿಟ್ಟು ಬಂತು. ಅವರ ಮೇಲಲ್ಲ, ತನ್ನ ಮೇಲೂ ಅಲ್ಲ. ಎಲ್ಲಿಗೆ ಎಸೆಯಬೇಕೋ ತಿಳಿಯದ ಸಿಟ್ಟು.

"ಯಾರುನ್ನ ಬೈಯಾನ ಹೇಳಿ" ಅಂದಳು ಗಂಡನಿಗೆ.

ಸಿದ್ದಮಲ್ಲಪ್ಪ ಮಂಡಿ ನೀವಿಕೊಂಡ. ಆಮೇಲೆ ಹೇಳಿದ: "ನಮ್ಮ ಅಪ್ಪ ಒಂದ್ಸಲ ಹೇಳಿದ್ದ ಕಣೇ. ಗುರುವಯ್ಯ ಆ ಹಳ್ಳಕ್ಕೆ ಏರಿ ಹಾಕೋಕೆ ಮುಂಚೆ ಅಲ್ಲಿ ಆಡು ಮೇಯಿಸೋರ ನಾಕಾರು ಗುಡ್ಲು ಇದ್ವಂತೆ. ನೀರು ನಿಂತ್ಮೇಲೆ ಗುಡ್ಲು ಮುಳುಗ್ದೋ. ಆ ಜನ ಬೆಟ್ಟದ ಕಡೆ ಓದ್ರಂತೆ. ಎಲ್ಲಿಗೆ ಓದ್ರು, ಏನಾದ್ರು, ಯಾರೂ ಕೇಳ್ನಿಲ್ಲ. ನಾವು ಅನ್ನ ಉಂಡ್ಕಂಡು ಗುರುವಯ್ಯ ಪುಣ್ಯಾತ್ಮ ಅಂದ್ಕಂಡು ಇದ್ಬುಟ್ಟೋ."

ಈ ಮಾತನ್ನು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಪುಟ್ಟಬಸಮ್ಮ ದೂರದ ಚಾಮುಂಡಿ ಬೆಟ್ಟದ ಕಡೆ ನೋಡಿದಳು. ಅದರ ನೆತ್ತಿಯ ದೀಪಗಳು ಆಗಷ್ಟೇ ಹತ್ತಿಕೊಂಡಿದ್ದವು. ಗಂಡ ಹೇಳಿದ್ದು ಸಮಾಧಾನಕ್ಕೋ ಚುಚ್ಚುವುದಕ್ಕೋ ಅವಳಿಗೆ ತಿಳಿಯಲಿಲ್ಲ. ಸಮಾಧಾನವಂತೂ ಆಗಲಿಲ್ಲ.

ಸೋಮಿ, ಚಿಕ್ಕಿಯರನ್ನು ನಂಜನಗೂಡಿನ ಆಚೆಯ ಒಬ್ಬ ರೈತ ಬಂದು ಹೊಡೆದುಕೊಂಡು ಹೋದ. ನಾಲೆಯ ಬಯಲು, ನೀರಿಗೆ ಬರವಿಲ್ಲ ಅಂದ. ಅದೊಂದು ಮಾತಿಗಾಗಿ ಅವಳು ಚೌಕಾಸಿ ಮಾಡದೆ ಒಪ್ಪಿದಳು. ಕೊಟ್ಟಿಗೆಯನ್ನು ಮಹೇಶ್ ಕೆಡವಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಬಾಡಿಗೆಗೆ ಒಂದು ರೂಮು ಕಟ್ಟಿಸಿದ. ಅವಳು ತಡೆಯಲಿಲ್ಲ. ಹಾಲಿನ ಕ್ಯಾನುಗಳನ್ನು ತಾನೇ ತಿಕ್ಕಿ ತೊಳೆದು ಅಟ್ಟಕ್ಕೆ ಏರಿಸಿದಳು.

ಮುಂದಿನ ಮಳೆಗಾಲಕ್ಕೆ ಕಟ್ಟೆಯ ಅಂಚಿನಲ್ಲಿ, ಕಲ್ಲಿನ ಸಂದಿಗಳಲ್ಲೆಲ್ಲ ಹುಲ್ಲು, ಜೊಂಡು ಒತ್ತಾಗಿ ಎದ್ದಿತು. ಕಳೆ ಕೀಳಲು ಸಮಿತಿಯವರು ಆಳು ಹುಡುಕುತ್ತಿದ್ದರು. ಸರ್ವಮಂಗಳಾ ಹಿಂಜರಿಯುತ್ತಲೇ ಬಂದು ಕೇಳಿದರು: "ಬೇಜಾರು ಮಾಡ್ಕೋಬೇಡಿ ಪುಟ್ಟಬಸಮ್ಮ. ಮನೇಲಿ ಸುಮ್ಮನೆ ಕೂತಿದ್ರೆ ನಿಮಗೂ ಕಷ್ಟ ಅಂತ..."

ಅವಳು ಆ ದಿನ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಗಿನ ಜಾವ ಎಚ್ಚರವಾಗುವ ಅಭ್ಯಾಸ ಬಿಟ್ಟಿರಲಿಲ್ಲ. ಎದ್ದು ಕೂತರೆ ಕೈಗೆ ಕೆಲಸವಿಲ್ಲ, ಕಿವಿಗೆ ಸದ್ದಿಲ್ಲ. ಎರಡು ವಾರ ಹಾಗೆ ಕಳೆದ ಮೇಲೆ ಕುಡುಗೋಲು ತೆಗೆದುಕೊಂಡು ಹೋದಳು. ಚಾಮಯ್ಯ ಗೇಟು ತೆರೆದು, "ಬಾ ಅಕ್ಕ" ಅಂದ. ಅವಳು ಒಳಗೆ ಹೋದಳು.

ಸೀರೆ ಎತ್ತಿ ಕಟ್ಟಿ, ಹಾದಿಯಲ್ಲಿ ನಡೆಯುವವರಿಗೆ ಬೆನ್ನು ಕೊಟ್ಟು ಕೂತು ಹುಲ್ಲು ಕುಯ್ದಳು. ಒಳ್ಳೆಯ ಎಳೆ ಹುಲ್ಲು. ಕಟ್ಟು ಕಟ್ಟಿ ರಾಶಿ ಹಾಕಿ, "ಇದುನ್ನ ಯಾರ್ಗೆ ಕೊಡ್ತೀರಿ ಚಾಮಯ್ಯ?" ಎಂದು ಕೇಳಿದಳು.

"ಯಾರ್ಗೂ ಇಲ್ಲ ಕಣಕ್ಕ. ಕಸದ ಟ್ಯಾಕ್ಟ್ರು ಬತ್ತದೆ."

ಟ್ರ್ಯಾಕ್ಟರು ಬಂತು. ತಾನು ಕಟ್ಟಿದ ಕಟ್ಟುಗಳನ್ನು ತಾನೇ ಎತ್ತಿ ಕೊಟ್ಟಳು. ಪ್ಲಾಸ್ಟಿಕ್ಕು, ಎಳನೀರ ಬುರುಡೆಗಳ ಮೇಲೆ ಹುಲ್ಲು ಹರಡಿಕೊಂಡಿತು. ಕೆಲಸ ಮುಗಿಸಿ ಬಂದಾಗ ಸಿದ್ದಮಲ್ಲಪ್ಪ ಜಗಲಿಯ ಮೇಲೆ ಸರಿದು ಕೂತು ಜಾಗ ಮಾಡಿಕೊಟ್ಟ. ಅವಳು ಕಾಲು ಚಾಚಿ ಕೂತಳು. ಹೊಸ ರೂಮಿನ ಬಾಡಿಗೆಯವರು ಕಿಟಕಿಗೆ ಪರದೆ ಕಟ್ಟುತ್ತಿದ್ದರು.

"ನಾಳೆನೂ ಓಗ್ಬೇಕಾ?" ಎಂದು ಅವನು ಕೇಳಿದ.

"ಓಗ್ಬೇಕು" ಅಂದಳು ಪುಟ್ಟಬಸಮ್ಮ. "ಇನ್ನೂ ಅರ್ಧವೂ ಆಗಿಲ್ಲ. ಕುಯ್ದಂಗೆಲ್ಲ ಬೆಳೀತದೆ."